ಬಿಚ್ಚುವ ವಿದ್ಯೆ, ಕೂಡಿಸುವ ವಿದ್ಯೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿ ಷಟ್ಪದಿಯ ಲಕ್ಷಣವೋ ವಚನಗಳ ಭಾಷೆಯೋ ಹಳಗನ್ನಡದ ಯಾವುದಾದರೊಂದು ಕಾವ್ಯಪ್ರಸಂಗವೋ ಇದ್ದಿರಬೇಕು. ಕನ್ನಡ ಪಂಡಿತನಿಂದ ಬೇರೆಯದನ್ನು ನಿರೀಕ್ಷಿಸುವವರಾದರೂ ಯಾರು? ಆದರೆ ನಾನು ಬರೆಯಹೊರಟಿರುವುದು ಒಂದು ಪಿಸ್ತೂಲಿನ ಮತ್ತು ಒಂದು ಜೋಡುನಳಿಗೆ ಕೋವಿಯ ವಿಚಾರವನ್ನು. ಬಿಚ್ಚಿದ ಮೇಲೆ ಮರಳಿ ಕೂಡಿಸಲಾಗದೆ ಮನೆಮಂದಿಯೆಲ್ಲ ಕೈಚೆಲ್ಲಿ ಕುಳಿತಿದ್ದ ಎರಡು ಸಂದರ್ಭಗಳನ್ನು. ಶ್ರೀಮಠದ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಆಯುಧದ ಮಾತೇಕೆ ಎಂದು ವಾಚಕ ಮಹಾಶಯರು ಹುಬ್ಬು ಗಂಟಿಕ್ಕುವ ಮುನ್ನ ಒಂದು ಸಂಗತಿಯನ್ನು ನಿವೇದಿಸಿಕೊಳ್ಳುತ್ತೇನೆ. ಆ ಎರಡು ಸಂದರ್ಭಗಳಲ್ಲಿಯೂ ದಾರಿ ತೋರಿಸಿದವನು ನಮ್ಮ ಶಾಲೆಯಲ್ಲಿ ಓದಿ, ನಮ್ಮ ಉಚಿತ ಪ್ರಸಾದನಿಲಯದಲ್ಲಿ ಉಂಡು ಬೆಳೆದ ಹಳೆಯ ವಿದ್ಯಾರ್ಥಿ. ಅವನಿಂದ ನಾನು ಕಲಿತ ಪಾಠವು ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸಮಾನವಾಗಿ ಸಲ್ಲತಕ್ಕದ್ದೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ವ್ಯಾಕರಣವನ್ನು ಬೋಧಿಸುವವರೆಲ್ಲರಿಗೂ ಒಂದು ಅನುಭವ ಸಾಮಾನ್ಯ. ಕೂಡಿದ ಪದವನ್ನು ಬಿಡಿಸಿ ಬರೆಯಿರಿ ಎಂದರೆ ಮಕ್ಕಳು ಉತ್ಸಾಹದಿಂದ ಬಿಡಿಸುತ್ತಾರೆ. ಬಿಡಿಸಿದ ಪದಗಳನ್ನು ಮರಳಿ ಕೂಡಿಸಿ, ಯಾವ ಸಂಧಿಯೆಂದು ಕಾರಣಸಹಿತ ಹೇಳಿರಿ ಎಂದರೆ ತರಗತಿ ಮೌನ ತಾಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಸಂಧಿಯನ್ನು ವಿಸ್ತಾರವಾಗಿ ವಿವೇಚಿಸಿದ್ದು ಸುಮ್ಮನೆ ಅಲ್ಲ. ಊರು, ಅಲ್ಲಿ ಎಂಬವು ಸೇರಿ ಊರಲ್ಲಿ ಆಗುವಾಗ ಒಂದು ಸ್ವರ ಅಳಿಯುತ್ತದೆ, ಅದು ಲೋಪ. ಮನೆ, ಅನ್ನು ಎಂಬವು ಮನೆಯನ್ನು ಆಗುವಾಗ ಹೊಸದೊಂದು ಯಕಾರ ಬಂದು ಕೂಡುತ್ತದೆ, ಅದು ಆಗಮ. ಮಳೆ, ಕಾಲ ಎಂಬವು ಮಳೆಗಾಲ ಆಗುವಾಗ ಕಕಾರದ ಸ್ಥಾನದಲ್ಲಿ ಗಕಾರ ಬಂದು ನಿಲ್ಲುತ್ತದೆ, ಅದು ಆದೇಶ. ಭಾಷೆ ಉದಾರಿ. ಒಂದು ಅಕ್ಷರ ಹೋದರೂ ಬಂದರೂ ಬದಲಾದರೂ ಅರ್ಥಕ್ಕೆ ಹಾನಿಯಿಲ್ಲದಂತೆ ಅದು ಸಂಭಾಳಿಸಿಕೊಳ್ಳುತ್ತದೆ. ಈ ಔದಾರ್ಯ ಕಬ್ಬಿಣಕ್ಕೆ ಇಲ್ಲವೆಂಬುದನ್ನು ನನಗೆ ತಿಳಿಸಿಕೊಟ್ಟವನು, ಹಿಂದೆ ಇದೇ ಮೂರು ಸಂಧಿಗಳ ಪ್ರಶ್ನೆಗೆ ಉತ್ತರ ಬರೆಯಲಾರದೆ ಪೆನ್ಸಿಲ್ ಕಚ್ಚುತ್ತ ಕುಳಿತಿರುತ್ತಿದ್ದ ಹುಡುಗ.

ಅವನು ಬಯಲುಸೀಮೆಯ ಬಡ ಒಕ್ಕಲು ಮನೆತನದವನು. ಹೆಸರು ಹೇಳುವುದು ಅವನಿಗೆ ಇಷ್ಟವಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಪ್ರಸಾದನಿಲಯದಲ್ಲಿದ್ದಾಗ ಸೈಕಲ್ಲಿನ ಚಕ್ರದ ಗುಂಡುಗಳನ್ನು ಎಣಿಸಿ ಗ್ರೀಸು ಹಚ್ಚಿ ಕೂರಿಸುವುದು, ಅಡಿಗೆಮನೆಯ ಪಂಪ್‌ಸ್ಟೋವಿನ ಚರ್ಮದ ವಾಷರು ಬದಲಿಸುವುದು ಮೊದಲಾದ ಕೆಲಸಗಳು ಅವನ ಪಾಲಿಗೇ ಬರುತ್ತಿದ್ದವು. ಎಸ್.ಎಸ್.ಎಲ್.ಸಿ.ಯಲ್ಲಿ ಹೇಗೋ ತೇರ್ಗಡೆಯಾಗಿ ಸೇನೆಗೆ ಸೇರಿದನು. ಅಲ್ಲಿ ಇ.ಎಂ.ಇ. ಎಂದು ಕರೆಯಲಾಗುವ ಯಂತ್ರೋಪಕರಣಗಳ ದುರಸ್ತಿ ದಳದಲ್ಲಿ ಆರ್ಮರರ್ ಆಗಿ, ಎಂದರೆ ಬಂದೂಕು ಪಿಸ್ತೂಲುಗಳನ್ನು ಪರೀಕ್ಷಿಸಿ ಸರಿಪಡಿಸುವ ಕಸುಬಿನವನಾಗಿ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದನು. ನಿವೃತ್ತಿಯ ತರುವಾಯ ಮಣಿಪಾಲದ ಒಂದು ಬ್ಯಾಂಕಿನಲ್ಲಿ ಬಂದೂಕುಧಾರಿ ಕಾವಲುಗಾರನಾದನು. ಮಾಜಿ ಸೈನಿಕರಿಗೆ ಉಡುಪಿ ಸೀಮೆಯಲ್ಲಿ ಈ ಉದ್ಯೋಗ ದೊರೆಯುವುದು ಸಹಜವೇ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕೂ ಹುಟ್ಟಿದ್ದು ಉಡುಪಿಯಲ್ಲಿ. 2020ರಲ್ಲಿ ಅವೆರಡೂ ಬೇರೆ ಬ್ಯಾಂಕುಗಳಲ್ಲಿ ಲೀನವಾದರೂ ಬ್ಯಾಂಕುಗಳ ನಾಡೆಂಬ ಕೀರ್ತಿ ಈ ಸೀಮೆಗೆ ಉಳಿದಿದೆ.

ನನ್ನ ಹುಟ್ಟೂರು ಕಾರ್ಕಳ ತಾಲೂಕಿನ ಒಂದು ಹಳ್ಳಿಯಾದುದರಿಂದ ರಜೆಯಲ್ಲಿ ಅತ್ತ ಹೋಗುವುದು ರೂಢಿ. ಹಾಗೊಮ್ಮೆ ಮಣಿಪಾಲದಲ್ಲಿ ಬ್ಯಾಂಕಿನ ಮೆಟ್ಟಿಲೇರುತ್ತಿದ್ದಾಗ ಹೆಗಲಿಗೆ ಕೋವಿ ತೂಗಹಾಕಿಕೊಂಡ ಸಮವಸ್ತ್ರದ ವ್ಯಕ್ತಿಯೊಬ್ಬನು “ಗುರುಗಳೇ, ಶರಣು” ಎಂದನು. ಕೋವಿ ಹೆಗಲಿನಲ್ಲಿದ್ದುದರಿಂದ ಬಾಗಿ ನಮಸ್ಕರಿಸಲಾಗಲಿಲ್ಲವೆಂದು ಅವನು ಆಮೇಲೆ ವಿವರಿಸಿದನು. ಕೆಲಸದ ಹೊತ್ತಿನಲ್ಲಿ ಆಯುಧದ ಬಾಯಿ ಯಾವ ಕಡೆಗೆ ತಿರುಗುತ್ತದೆಂಬುದನ್ನು ಒಂದು ಕ್ಷಣವೂ ಮರೆಯಬಾರದಂತೆ.

ಮೊದಲನೆಯ ಪ್ರಸಂಗ 2022ರ ದಸರಾ ರಜೆಯಲ್ಲಿ ಕಾಪುವಿನಲ್ಲಿ ನಡೆಯಿತು. ಕಾಪು ಎಂದರೆ ಕಾವಲು, ರಕ್ಷಣೆ ಎಂದೇ ಕನ್ನಡದಲ್ಲಿ ಅರ್ಥ. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಆ ಹೆಸರಿಗೆ ಒಪ್ಪುವಂತೆ ಇಂದಿಗೂ ನಿಂತಿದೆ. ಅಲ್ಲಿಗೆ ಅನತಿದೂರದಲ್ಲಿ ನನ್ನ ಬಾಲ್ಯದ ಸಹಪಾಠಿಯೊಬ್ಬರ ಮನೆ. ಅವರ ತೀರ್ಥರೂಪರು ವ್ಯಾಪಾರಸ್ಥರಾಗಿದ್ದು, ಹಣದ ಚೀಲದೊಂದಿಗೆ ರಾತ್ರಿ ಪ್ರಯಾಣ ಮಾಡಬೇಕಾಗಿದ್ದ ಕಾಲದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲೊಂದನ್ನು ಪರವಾನಗಿ ಪಡೆದು ಇಟ್ಟುಕೊಂಡಿದ್ದರು. ಅವರ ಕಾಲಾನಂತರ ಅದು ವಾರಸಿನ ಕ್ರಮದಲ್ಲಿ ಮಗನ ಹೆಸರಿಗೆ ಬಂದಿತು. 1929ರಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದ ವಾಲ್ಥರ್ ಪಿ.ಪಿ. ಎಂಬ ಮಾದರಿಯ, ಅಂಗೈಗಿಂತ ತುಸು ದೊಡ್ಡದಾದ .32ರ ಪಿಸ್ತೂಲು. .32 ಎಂಬುದು ಗುಂಡಿನ ಅಳತೆ. ಅಂಗುಲದ ನೂರರಲ್ಲಿ ಮೂವತ್ತೆರಡು ಭಾಗ. ಸೈನ್ಯದ 9 ಮಿಲಿಮೀಟರ್ ಅಳತೆಯದು ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದುದರಿಂದ ನಮ್ಮ ದೇಶದಲ್ಲಿ ಪರವಾನಗಿಯ ಪಿಸ್ತೂಲುಗಳೆಂದರೆ ಬಹುಮಟ್ಟಿಗೆ ಈ .32ರವೇ. ನಮ್ಮ ಸರಕಾರದ ಆಯುಧ ಕಾರ್ಖಾನೆಯವರು ಇದೇ ಅಳತೆಯಲ್ಲಿ ತಯಾರಿಸಿದ ಪಿಸ್ತೂಲಿಗೆ ಅಶನಿ ಎಂದು ಹೆಸರು. ಅಶನಿಯೆಂದರೆ ಸಿಡಿಲು, ಇಂದ್ರನ ವಜ್ರಾಯುಧ. ಹೆಸರಿಟ್ಟವರು ಸಂಸ್ಕೃತ ಬಲ್ಲವರಾಗಿದ್ದಿರಬೇಕು.

ಕಡಲತೀರದಲ್ಲಿ ಕಬ್ಬಿಣವನ್ನು ಕಾಪಾಡುವುದು ಶಿಶುವನ್ನು ಸಾಕಿದಂತೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಉಳಿದ ದಿನಗಳಲ್ಲಿ ಉಪ್ಪಿನ ಗಾಳಿ. ಕಿಟಕಿಯ ಸರಳುಗಳೇ ಪದರುಪದರಾಗಿ ಉದುರುವ ಊರಿನಲ್ಲಿ ಪಿಸ್ತೂಲು ಹೊಳೆಯುತ್ತಿರಬೇಕಾದರೆ ಆಗಾಗ ಬಿಚ್ಚಿ, ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ಆಯುಧಪೂಜೆಗೆ ಒಪ್ಪವಾಗಿರಲೆಂದು ನನ್ನ ಮಿತ್ರರು ಹಿಂದಿನ ಸಂಜೆ ಅದನ್ನು ಬಿಚ್ಚಿದ್ದರು. ತಂದೆಯವರು ಬಿಚ್ಚುತ್ತಿದ್ದುದನ್ನು ಬಾಲ್ಯದಲ್ಲಿ ನೋಡಿದ ನೆನಪಿತ್ತು. ಬಿಚ್ಚುವುದು ಸಲೀಸಾಗಿ ಆಯಿತು. ಒರೆಸುವುದೂ ಆಯಿತು. ಆದರೆ ಮರಳಿ ಕೂಡಿಸಲು ತೊಡಗಿದಾಗ ಅದು ಕೂಡಲೊಲ್ಲದು. ರಾತ್ರಿ ಒಂಬತ್ತರವರೆಗೆ ಹೆಣಗಿದರು. ಬೆಳಗ್ಗೆ ಎದ್ದು ಮತ್ತೆ ಹೆಣಗಿದರು. ನಾನು ಅವರ ಮನೆಗೆ ಹೋದಾಗ ಬಂಧುವೊಬ್ಬರು ಎಲ್ಲಿಂದಲೋ ಒಂದು ಅರ ತಂದು, ಅಡ್ಡ ಬರುತ್ತಿರುವ ಅಂಚನ್ನು ತುಸು ಉಜ್ಜಿಬಿಟ್ಟರೆ ಕುಳಿತೀತು ಎಂದು ಸಲಹೆ ಕೊಡುತ್ತಿದ್ದರು. ನಾನು ಮಣಿಪಾಲದ ನನ್ನ ಶಿಷ್ಯನನ್ನು ಸ್ಮರಿಸಿಕೊಂಡು ಅವನಿಗೆ ಫೋನ್ ಮಾಡಿಸಿದೆ. ರಜೆಯ ದಿನವಾಗಿದ್ದುದರಿಂದ ಅವನು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಬಂದನು.

ಬಂದವನು ಮೊದಲು ಕೇಳಿದ್ದು ಪಿಸ್ತೂಲನ್ನಲ್ಲ. “ಗುಂಡುಗಳು ಎಲ್ಲಿವೆ ಸ್ವಾಮಿ?” ಎಂದು ಕೇಳಿದನು. ಅವು ಬೇರೆ ಕೋಣೆಯ ಕಪಾಟಿನಲ್ಲಿವೆಯೆಂದು ಉತ್ತರ ಬಂದರೂ ಅವನಿಗೆ ಸಮಾಧಾನವಿಲ್ಲ. ಗುಂಡು ತುಂಬುವ ಮ್ಯಾಗಸೀನನ್ನು ಹೊರಗೆ ತೆಗೆಸಿ ಬರಿದಾಗಿದೆಯೆಂದು ನೋಡಿದನು. ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗಕ್ಕೆ ದೀಪದ ಬೆಳಕು ಹಿಡಿಸಿ, ತಾನು ನೋಡಿ, ಮಿತ್ರರಿಂದ ನೋಡಿಸಿ, ನನ್ನಿಂದಲೂ ನೋಡಿಸಿದನು. ಮ್ಯಾಗಸೀನ್ ತೆಗೆದೊಡನೆ ಪಿಸ್ತೂಲು ಬರಿದಾಯಿತೆಂದು ಜನ ತಿಳಿಯುತ್ತಾರೆ. ಆದರೆ ಅದಕ್ಕೂ ಮೊದಲೇ ನಳಿಗೆಗೆ ಏರಿದ ಒಂದು ಗುಂಡು ಒಳಗೆ ಉಳಿದಿರಬಹುದು. ಬರಿದೆಂದು ನಂಬಿದ ಪಿಸ್ತೂಲಿನಿಂದಲೇ ಮನೆಗಳಲ್ಲಿ ಸಾವು ಸಂಭವಿಸುತ್ತದೆಯೆಂದು ಅವನು ತಗ್ಗಿದ ದನಿಯಲ್ಲಿ ಹೇಳಿದನು. ಆ ಮೇಲೆ ಮಕ್ಕಳನ್ನು ಅಂಗಳಕ್ಕೆ ಕಳುಹಿಸಿ, ಮೇಜಿನ ಮೇಲೆ ಬಿಳಿಯ ಪಂಚೆಯೊಂದನ್ನು ಹಾಸಿಸಿ, ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಇಡಿಸಿದನು.

ಇಷ್ಟೆಲ್ಲ ಆಗುವಾಗಲೂ ಅವನ ಎರಡು ಕೈಗಳು ಬೆನ್ನ ಹಿಂದೆ ಕಟ್ಟಿದಂತೆಯೇ ಇದ್ದವು. “ನೀನೇ ಕೂಡಿಸಿಬಿಡಪ್ಪ, ಒಂದು ನಿಮಿಷದ ಕೆಲಸ” ಎಂದು ನನ್ನ ಮಿತ್ರರು ಒತ್ತಾಯಿಸಿದರು. “ಪರವಾನಗಿ ಇರುವುದು ನಿಮ್ಮ ಹೆಸರಿನಲ್ಲಿ ಸ್ವಾಮಿ. ಕೈ ನಿಮ್ಮದೇ ಆಗಲಿ. ಬಾಯಿ ಮಾತ್ರ ನನ್ನದು” ಎಂದನು. 1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಆಯುಧಗಳನ್ನು ದುರಸ್ತಿ ಮಾಡುವ ಕಸುಬಿಗೂ ಪ್ರತ್ಯೇಕ ಪರವಾನಗಿ ಬೇಕು. ಸೇನೆಯಲ್ಲಿದ್ದಾಗ ಸಾವಿರಾರು ಸಲ ಮಾಡಿದ ಕೆಲಸವನ್ನು ಸಮವಸ್ತ್ರ ಕಳಚಿದ ಮರುದಿನವೇ ಮಾಡಬಾರದೆಂಬ ನಿಯಮವನ್ನು, ನೋಡುವವರಿಲ್ಲದ ಕಡೆಯಲ್ಲಿಯೂ ಪಾಲಿಸುವ ಆ ನಿಷ್ಠೆಯನ್ನು ಕಂಡು ನನಗೆ ಸಂತೋಷವಾಯಿತು.

ಇನ್ನು ತೊಡಕಿನ ವಿಚಾರ. ಆ ಮಾದರಿಯ ಪಿಸ್ತೂಲಿನ ರಚನೆ ತುಂಬ ಸರಳ. ನಳಿಗೆಯು ಕೆಳಗಿನ ಹಿಡಿಭಾಗಕ್ಕೆ ಸ್ಥಿರವಾಗಿ ನಾಟಿರುತ್ತದೆ. ನಳಿಗೆಯ ಸುತ್ತ ಒಂದು ಸುರುಳಿ ಸ್ಪ್ರಿಂಗು. ಅವೆರಡನ್ನೂ ಹೊದ್ದುಕೊಂಡು ಹಿಂದೆ ಮುಂದೆ ಸರಿಯುವ ಮೇಲಿನ ಲೋಹದ ಕವಚವೇ ಸ್ಲೈಡು. ಗುಂಡು ಹಾರಿದಾಗ ಸ್ಲೈಡು ಹಿಂದಕ್ಕೆ ಜಿಗಿದು ಖಾಲಿ ಚಿಪ್ಪನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುವಾಗ ಮುಂದಿನ ಗುಂಡು ಒಳಗೇರುತ್ತದೆ. ಸ್ಲೈಡು ಹಿಂದಕ್ಕೆ ಎಲ್ಲಿಯವರೆಗೆ ಬರಬೇಕೆಂಬುದನ್ನು ನಿರ್ಣಯಿಸುವುದು ಟ್ರಿಗರಿನ ಸುತ್ತ ಬಳೆಯಂತಿರುವ ಟ್ರಿಗರ್ ಗಾರ್ಡಿನ ಮೇಲ್ತುದಿ. ಆ ಬಳೆಯನ್ನು ಕೆಳಕ್ಕೆಳೆದು ಒಂದು ಬದಿಗೆ ಒತ್ತಿ ನಿಲ್ಲಿಸಿದರೆ ತಡೆ ದೂರವಾಗಿ, ಸ್ಲೈಡು ಇನ್ನೂ ಹಿಂದಕ್ಕೆ ಬಂದು, ಹಿಂತುದಿ ಮೇಲಕ್ಕೆದ್ದು ಕಳಚಿಕೊಳ್ಳುತ್ತದೆ. ಕೂಡಿಸುವಾಗಲೂ ಆ ಬಳೆ ಕೆಳಗೇ ಇರಬೇಕು. ನನ್ನ ಮಿತ್ರರ ಗಮನವೆಲ್ಲ ಸ್ಲೈಡಿನ ಮೇಲಿದ್ದುದರಿಂದ ಬಳೆ ತನ್ನ ಜಾಗಕ್ಕೆ ಟಕ್ಕೆಂದು ಏರಿಬಿಡುತ್ತಿತ್ತು. ಸ್ಲೈಡು ಕೂರಬೇಕಾದ ಸ್ಥಾನಕ್ಕೆ ಬೆರಳಿನಗಲ ಮೊದಲೇ ತಡೆದು ನಿಲ್ಲುತ್ತಿತ್ತು. ಅಷ್ಟು ಹೊತ್ತು ಅವರು ಗುದ್ದಾಡಿದ್ದು ಪಿಸ್ತೂಲು ತನ್ನ ಕರ್ತವ್ಯವೆಂದು ಒಡ್ಡುತ್ತಿದ್ದ ತಡೆಯೊಂದಿಗೆ!

ಬಳೆಯನ್ನು ಸರಿಯಾಗಿ ಹಿಡಿದ ಮೇಲೂ ಸ್ಲೈಡು ಪೂರ್ತಿ ಹಿಂದಕ್ಕೆ ಬಾರದೆ ಬಿಗಿಯಿತು. “ಒತ್ತಬೇಡಿ. ತೆಗೆಯಿರಿ” ಎಂದು ಶಿಷ್ಯನು ಅಪ್ಪಣೆ ಮಾಡಿದನು. ಸ್ಪ್ರಿಂಗನ್ನು ನಳಿಗೆಯಿಂದ ಕಳಚಿಸಿ ಎರಡು ತುದಿಗಳನ್ನೂ ಬೆಳಕಿಗೆ ಹಿಡಿಸಿದನು. ನೋಡುವ ಕಣ್ಣಿಗೆ ಎರಡೂ ಒಂದೇ. ಆದರೆ ಬೆರಳಿಗೆ ತೊಡಿಸಿ ನೋಡಿದಾಗ ಒಂದು ತುದಿಯ ಸುತ್ತು ಕೂದಲೆಳೆಯಷ್ಟು ಕಿರಿದು. ಆ ಕಿರಿದಾದ ತುದಿಯೇ ನಳಿಗೆಗೆ ಮೊದಲು ಏರಿ ಬುಡದಲ್ಲಿ ಕಚ್ಚಿ ಕೂರಬೇಕು. ಅದು ತಿರುವುಮುರುವಾಗಿತ್ತು. ತಿರುಗಿಸಿ ಹಾಕಿ, ಬಳೆಯನ್ನು ಕೆಳಗೆ ಹಿಡಿದು, ಸ್ಲೈಡನ್ನು ನಳಿಗೆಯ ಮೇಲೆ ತೊಡಿಸಿ, ಪೂರ್ತಿ ಹಿಂದಕ್ಕೆಳೆದು, ಹಿಂತುದಿಯನ್ನು ಕೆಳಕ್ಕೆ ತಗ್ಗಿಸಿ ಬಿಟ್ಟೊಡನೆ ಅದು ಮೆಲ್ಲನೆ ಮುಂದಕ್ಕೆ ಸರಿದು ತನ್ನ ಮನೆಯನ್ನು ಸೇರಿತು. ಬಳೆಯೂ ಏರಿ ಕುಳಿತಿತು. ಅರವನ್ನು ತಂದಿದ್ದ ಬಂಧುಗಳು ಅದನ್ನು ಮೆಲ್ಲನೆ ಮೇಜಿನ ಕೆಳಗೆ ಇರಿಸಿದರು.

ಅಲ್ಲಿಗೆ ಕಥೆ ಮುಗಿಯಿತೆಂದು ನಾವು ತಿಳಿದೆವು. ನನ್ನ ಮಿತ್ರರಿಗೆ ತಂದೆಯ ಪಿಸ್ತೂಲು ಮರಳಿ ಇಡಿಯಾದ ಸಂಭ್ರಮ. ತೋಟದ ಮೂಲೆಯಲ್ಲಿ ಒಂದೇ ಒಂದು ಗುಂಡು ಹಾರಿಸಿ ನೋಡೋಣವೆಂದರು. ಆಗ ಅವನ ಮುಖ ಗಂಭೀರವಾಯಿತು. “ಕೂಡಿತು ಎಂದರೆ ಸರಿಯಾಯಿತು ಎಂದಲ್ಲ ಸ್ವಾಮಿ. ರಾತ್ರಿಯಿಂದ ಸ್ಪ್ರಿಂಗು ಉಲ್ಟಾ ಒತ್ತಡ ತಿಂದಿದೆ. ಒಳಗಿನ ಸ್ಪ್ರಿಂಗುಗಳಿಗೆ ನಿಮ್ಮ ವಯಸ್ಸಾಗಿದೆ. ಪರವಾನಗಿ ಇರುವ ದುರಸ್ತಿಗಾರರು ನೋಡಿ ಸರಿಯೆಂದು ಹೇಳುವವರೆಗೆ ಇದಕ್ಕೆ ಗುಂಡು ತುಂಬಬೇಡಿ” ಎಂದನು. ಗುಂಡಿಲ್ಲದೆಯೇ ಸ್ಲೈಡನ್ನು ಕೆಲವು ಸಲ ಎಳೆಯಿಸಿ, ಸೇಫ್ಟಿಯ ಕೀಲಿಯನ್ನು ತಿರುಗಿಸಿಸಿ, ಟ್ರಿಗರ್ ತನ್ನ ಸ್ಥಾನಕ್ಕೆ ಚುರುಕಾಗಿ ಮರಳುತ್ತಿದೆಯೇ ಎಂದು ಪರೀಕ್ಷಿಸಿದನು. ಅದು ತುಸು ಸೋಮಾರಿಯಾಗಿ ಮರಳುತ್ತಿತ್ತು. ಆ ಒಂದು ಲಕ್ಷಣವೇ ಅವನ ಮಾತಿಗೆ ಸಾಕ್ಷಿಯಾಯಿತು. ನನ್ನ ಮಿತ್ರರು ಒಂದು ಗಳಿಗೆ ಮುಖ ಸಣ್ಣದು ಮಾಡಿಕೊಂಡರೂ ಮಾತಿಗೆ ಒಪ್ಪಿದರು. ಆ ವರ್ಷದ ಆಯುಧಪೂಜೆಯಲ್ಲಿ ಪಿಸ್ತೂಲು ಬರಿದಾಗಿಯೇ ಅರಿಸಿನ ಕುಂಕುಮ ಧರಿಸಿ ಕುಳಿತಿತು.

ಸಂಜೆ ಜಗಲಿಯಲ್ಲಿ ಕುಳಿತಾಗ ಅವನು ಹೇಳಿದ ಮಾತನ್ನು ನಾನು ಮರೆಯಲಾರೆ. “ಗುರುಗಳೇ, ನೀವು ಲೋಪ, ಆಗಮ, ಆದೇಶ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಿರಿ. ಆಗ ತಲೆಗೆ ಹತ್ತಲಿಲ್ಲ. ಸೇನೆಯಲ್ಲಿ ಖೋಲ್ನಾ ಜೋಡ್ನಾ ಎಂಬ ಪಾಠದಲ್ಲಿ ಹತ್ತಿತು. ಬಿಚ್ಚಿದ್ದು ಕೂಡದಿದ್ದರೆ ಕಾರಣ ಮೂರೇ. ಯಾವುದೋ ಒಂದು ಭಾಗ ಬಿಟ್ಟುಹೋಗಿರುತ್ತದೆ, ಅದು ಲೋಪ. ಇಲ್ಲವೆ ಇರಬಾರದ್ದೊಂದು ಒಳಗೆ ಸೇರಿರುತ್ತದೆ, ಕಸವೋ ಮರಳೋ ಹೆಚ್ಚಾದ ಗ್ರೀಸೋ, ಅದು ಆಗಮ. ಅದೂ ಅಲ್ಲದಿದ್ದರೆ ಒಂದರ ಜಾಗದಲ್ಲಿ ಇನ್ನೊಂದು ಕುಳಿತಿರುತ್ತದೆ, ಅಥವಾ ಅದೇ ತಲೆಕೆಳಗಾಗಿ ಕುಳಿತಿರುತ್ತದೆ; ಅದು ಆದೇಶ. ಕನ್ನಡದಲ್ಲಿ ಇವು ಮೂರೂ ಸಂಧಿ. ನಮ್ಮ ಕಸುಬಿನಲ್ಲಿ ಇವು ಮೂರೂ ಅಪಘಾತ.” ಮೂವತ್ತು ವರ್ಷಗಳ ಬೋಧನಾವೃತ್ತಿಯಲ್ಲಿ ಇಷ್ಟು ಚೆಲುವಾದ ಉತ್ತರವನ್ನು ನಾನು ಯಾವ ಉತ್ತರಪತ್ರಿಕೆಯಲ್ಲಿಯೂ ಓದಿರಲಿಲ್ಲ. ಅದು ತಡವಾಗಿ ಬಂದಿತೆಂಬುದಕ್ಕೆ ಅಂಕ ಕಳೆಯುವವನು ನಾನಲ್ಲ.

ಎರಡನೆಯ ಪ್ರಸಂಗ ಮರುವರ್ಷದ ಬೇಸಗೆ ರಜೆಯಲ್ಲಿ, ಕಾರ್ಕಳದ ನಮ್ಮ ಮನೆಯಲ್ಲಿಯೇ ನಡೆಯಿತು. ಘಟ್ಟದ ತಪ್ಪಲಿನ ಆ ಹಳ್ಳಿಗಳಲ್ಲಿ ಗದ್ದೆಯ ಪೈರಿಗೂ ತೋಟಕ್ಕೂ ಕಾಡುಹಂದಿಯ ಕಾಟ. ಆದುದರಿಂದ ಬೆಳೆರಕ್ಷಣೆಗೆಂದು ಪರವಾನಗಿಯ ಕೋವಿ ಇಟ್ಟುಕೊಂಡ ಕೃಷಿಕರು ಅನೇಕರಿದ್ದಾರೆ. ತುಳುವಿನಲ್ಲಿ ಅದಕ್ಕೆ ಬೆಡಿ ಎನ್ನುತ್ತಾರೆ. ಮದ್ದು ಜಡಿದು ಕೇಪು ಇಟ್ಟು ಹಾರಿಸುವುದು ಕೇಪಿನ ಕೋವಿ. ತೋಟೆ ತುಂಬಿ ಹಾರಿಸುವುದು ತೋಟೆ ಕೋವಿ. ನಮ್ಮ ಅಣ್ಣನಲ್ಲಿರುವುದು ಹನ್ನೆರಡನೆಯ ನಂಬರಿನ ಜೋಡುನಳಿಗೆಯ ತೋಟೆ ಕೋವಿ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆಗಳಾಗಿ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ. ಅದೇ ಹನ್ನೆರಡರ ಅರ್ಥ. ಕೊಡಗಿನ ಕೊಡವರಿಗೂ ಜಮ್ಮಾ ಭೂಮಿ ಉಳ್ಳವರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯು 2029ರವರೆಗೆ ಮುಂದುವರಿದಿದೆ. ನಮ್ಮ ಕರಾವಳಿಯವರಿಗೆ ಆ ಭಾಗ್ಯವಿಲ್ಲ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ ಪರವಾನಗಿ ನವೀಕರಿಸಿಕೊಳ್ಳಬೇಕು. 2019ರ ತಿದ್ದುಪಡಿಯಿಂದ ಅದರ ಅವಧಿ ಮೂರು ವರ್ಷದ ಬದಲು ಐದು ವರ್ಷವಾಗಿದೆಯೆಂಬುದೊಂದು ಸಮಾಧಾನ. ಚುನಾವಣೆ ಘೋಷಣೆಯಾದೊಡನೆ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸುವ ಕ್ರಮವೂ ಇದೆ.

2023ರ ಮೇ 10ರಂದು ವಿಧಾನಸಭೆಗೆ ಮತದಾನ ನಡೆದು, 13ರಂದು ಎಣಿಕೆ ಮುಗಿದು, ಕೆಲವು ದಿನಗಳ ಮೇಲೆ ಅಣ್ಣನ ಕೋವಿ ಮನೆಗೆ ಬಂದಿತು. ಬಹುದಿನ ಎಣ್ಣೆಯ ಕೈ ಕಾಣದೆ ಅಲ್ಲಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಮಳೆಗಾಲ ಹಿಡಿಯುವ ಮೊದಲೇ ಒರೆಸಿಡಬೇಕೆಂದು ಅವನು ಅದನ್ನು ಬಿಚ್ಚಿದನು. ಜೋಡುನಳಿಗೆ ಕೋವಿ ಬಿಚ್ಚಿದರೆ ಮೂರು ತುಂಡು. ಹಿಂದಿನ ಮರದ ಹಿಡಿಯೊಂದಿಗೆ ಯಂತ್ರಭಾಗ, ಎರಡು ನಳಿಗೆಗಳ ಜೋಡಿ, ಮತ್ತು ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮುಂದಿನ ಮರ. ಒರೆಸಿ ಎಣ್ಣೆ ಸವರಿ, ನಳಿಗೆಗಳನ್ನು ತಿರುಗಣಿಗೆ ಸಿಕ್ಕಿಸಿದ್ದೂ ಆಯಿತು. ಆದರೆ ಮುಂದಿನ ಮರ ಮಾತ್ರ ಕೂರಲಿಲ್ಲ. ಬಹುಕಾಲದಿಂದ ಕೈಗೆ ಪಳಗಿದ ಕೋವಿ. ಕಣ್ಣು ಮುಚ್ಚಿಯೂ ಕೂಡಿಸಬಲ್ಲೆನೆಂದು ಹೇಳುತ್ತಿದ್ದವನಿಗೆ ಅದು ಅವಮಾನವಾಗಿ ಕಂಡಿತು. ಮರ ತೇವಕ್ಕೆ ಉಬ್ಬಿರಬೇಕು, ಕೊಡತಿಯಿಂದ ಎರಡು ಬಡಿದರೆ ಸರಿಹೋದೀತು ಎಂದು ಕೊಡತಿಗೆ ಹೇಳಿಕಳುಹಿಸಿದನು.

ಶಿಷ್ಯನು ಆ ಹೊತ್ತಿನಲ್ಲಿ ಕೆಲಸದ ಮೇಲಿದ್ದು, ಊಟದ ವಿರಾಮದಲ್ಲಿ ಫೋನಿಗೆ ಸಿಕ್ಕಿದನು. ನಮ್ಮ ಹಳ್ಳಿಯ ಗುಡ್ಡದ ಮರೆಯಲ್ಲಿ ಚಿತ್ರ ಮೂಡುವ ಮಾತಿರಲಿ, ಧ್ವನಿಯೇ ತುಂಡುತುಂಡಾಗಿ ಬರುತ್ತಿತ್ತು. ಕಾಪುವಿನಲ್ಲಿ ಕೈಯನ್ನು ಹಿಂದೆ ಕಟ್ಟಿ ಕಲಿಸಿದವನು ಇಲ್ಲಿ ಕಣ್ಣೂ ಇಲ್ಲದೆ ಕಲಿಸಬೇಕಾಯಿತು. ಅವನು ಹೇಳಿದ್ದನ್ನು ನಾನು ಅಣ್ಣನಿಗೆ ತುಳುವಿನಲ್ಲಿ ಹೇಳುವುದು, ಅಣ್ಣನ ಉತ್ತರವನ್ನು ಅವನಿಗೆ ಕನ್ನಡದಲ್ಲಿ ತಿಳಿಸುವುದು. ಮೊದಲ ಪ್ರಶ್ನೆ ಯಥಾಪ್ರಕಾರ ತೋಟೆಗಳ ವಿಚಾರ. ಎರಡನೆಯದು, ಮರವನ್ನು ಬಡಿದಿರಾ ಎಂದು. ಇಲ್ಲವೆಂದಾಗ ಆಚೆಯಿಂದ ನಿಟ್ಟುಸಿರು ಕೇಳಿಸಿತು. ಮೂರನೆಯ ಪ್ರಶ್ನೆ ನಮಗೆ ವಿಚಿತ್ರವಾಗಿ ತೋರಿತು. “ಬಿಚ್ಚಿಟ್ಟ ಮೇಲೆ ಯಾರಾದರೂ ಟ್ರಿಗರ್ ಎಳೆದಿದ್ದಾರೆಯೇ?”

ಇಲ್ಲವೆಂದು ಅಣ್ಣ ಖಂಡಿತವಾಗಿ ನುಡಿದನು. ಆಗ ಬಾಗಿಲ ಸಂದಿಯಲ್ಲಿ ನಿಂತಿದ್ದ ಅಣ್ಣನ ಮೊಮ್ಮಗ, ಹನ್ನೊಂದು ವರ್ಷದ ಹುಡುಗ, “ಅಜ್ಜಾ, ನಾನು ಎಳೆದೆ. ನಳಿಗೆ ಇರಲಿಲ್ಲವಲ್ಲ” ಎಂದು ಮೆಲ್ಲನೆ ಒಪ್ಪಿಕೊಂಡನು.

ಅಲ್ಲಿದ್ದಿತು ಗುಟ್ಟು. ಈ ಜಾತಿಯ ಕೋವಿಗೆ ಹೊರಗೆ ಕಾಣುವ ಚಾಪು ಇಲ್ಲ. ಹಳಬರು ಕುದುರೆಯೆಂದು ಕರೆಯುತ್ತಿದ್ದ ಆ ಬಡಿಗೆಗಳು ಎರಡೂ ಯಂತ್ರಭಾಗದ ಒಳಗೆ ಅಡಗಿರುತ್ತವೆ. ನಳಿಗೆಯನ್ನು ಬಗ್ಗಿಸಿದಾಗಲೆಲ್ಲ ಮುಂದಿನ ಮರವು ಎರಡು ಸಣ್ಣ ಸನ್ನೆಗಳನ್ನು ಕೆಳಕ್ಕೊತ್ತಿ ಒಳಗಿನ ಕುದುರೆಗಳನ್ನು ಹೂಡಿ ನಿಲ್ಲಿಸುತ್ತದೆ. ಹೂಡಿದ ಸ್ಥಿತಿಯಲ್ಲಿಯೇ ಕೋವಿಯನ್ನು ಬಿಚ್ಚಿದರೆ ಅದೇ ಸ್ಥಿತಿಯಲ್ಲಿ ಕೂಡಿಸಬಹುದು. ಬಿಚ್ಚಿಟ್ಟ ಮೇಲೆ ಟ್ರಿಗರ್ ಎಳೆದರೆ ಕುದುರೆಗಳು ಬಿದ್ದು, ಸನ್ನೆಗಳ ಮೂತಿ ಮೇಲಕ್ಕೆದ್ದು, ಮುಂದಿನ ಮರಕ್ಕೆ ಅಡ್ಡ ನಿಲ್ಲುತ್ತವೆ. ತುಂಡುಗಳೆಲ್ಲ ಇವೆ, ಕ್ರಮವೂ ಸರಿಯಿದೆ. ಒಳಗಣ ಸ್ಥಿತಿ ಮಾತ್ರ ಬದಲಾಗಿದೆ. ಕೊಡತಿಯಿಂದ ಬಡಿದಿದ್ದರೆ ಮರ ಸೀಳುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಅರ್ಧ ಕುಳಿತು ನಿಲ್ಲುವುದು. ನಳಿಗೆಯನ್ನು ತಿರುಗಣಿಯಿಂದ ಜಾರದಂತೆ ಹಿಡಿದಿಡುವುದೇ ಆ ಮುಂದಿನ ಮರ. ಅದು ಭದ್ರವಾಗಿ ಕಚ್ಚದ ಕೋವಿಯನ್ನು ಕತ್ತಲೆಯಲ್ಲಿ ಹಂದಿಯ ಮೇಲೆ ಎತ್ತುವವನ ಗತಿಯೇನು?

ಉಪಾಯ ಸುಲಭದ್ದೇ. ನಳಿಗೆಗಳನ್ನು ಮತ್ತೆ ತೆಗೆದು, ಯಂತ್ರಭಾಗದ ಮುಂದೆ ಚಾಚಿದ ಸನ್ನೆಯೊಂದನ್ನು ಮರದ ಬೆಂಚಿನ ಅಂಚಿಗೆ ಆನಿಸಿ ನಿಧಾನವಾಗಿ ಒತ್ತಬೇಕು. ಅಣ್ಣ ಒತ್ತಿದನು. ಟಕ್ಕೆಂದು ಒಂದು ಸದ್ದು. “ಒಂದು ಕುದುರೆ ನಿಂತಿತು. ಇನ್ನೊಂದು” ಎಂದು ಫೋನಿನೊಳಗಿಂದ ಧ್ವನಿ. ಆ ಸದ್ದು ಅಷ್ಟು ದೂರದಲ್ಲಿದ್ದ ಅವನಿಗೆ ಕೇಳಿಸಿತ್ತು. ಇನ್ನೊಂದು ಬದಿಯದೂ ಟಕ್ಕೆಂದಿತು. ನಳಿಗೆ ಸೇರಿತು, ಮುಂದಿನ ಮರ ಹೆಬ್ಬೆರಳಿನ ಒತ್ತಡಕ್ಕೇ ಕುಳಿತಿತು. ಕೊಡತಿ ತಂದವನು ಬಾಗಿಲಲ್ಲಿಯೇ ನಿಂತಿದ್ದನು. ಅಣ್ಣನು ಮೊಮ್ಮಗನನ್ನು ಗದರಿಸಲಿಲ್ಲ. ಸತ್ಯ ಹೇಳಿದ್ದರಿಂದ ಕೋವಿ ಉಳಿಯಿತು ಎಂದನು. ಆದರೆ ಅಂದಿನಿಂದ ಬಿಚ್ಚಿದ ಕೋವಿಯೂ ಕೋವಿಯೇ ಎಂಬ ನಿಯಮ ಆ ಮನೆಯಲ್ಲಿ ಜಾರಿಗೆ ಬಂದಿತು. ಒರೆಸುವ ಹೊತ್ತಿನಲ್ಲಿ ಕೋಣೆಯ ಅಗುಳಿ ಹಾಕಿರುತ್ತದೆ.

ಈ ಎರಡು ಪ್ರಸಂಗಗಳನ್ನು ಮನಸ್ಸಿನಲ್ಲಿ ಮೆಲುಕು ಹಾಕುವಾಗ, ಇಡಿತನವೆಂಬುದು ಎಷ್ಟು ಬಗೆಯದು ಎಂಬ ಯೋಚನೆ ನನಗೆ ಬರುತ್ತದೆ. ನಮ್ಮ ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನಿದ್ದಾನೆ. ಒಂದೇ ಶಿಲೆ, ಬಿಚ್ಚುವುದಕ್ಕೂ ಇಲ್ಲ, ಕೂಡಿಸುವುದಕ್ಕೂ ಇಲ್ಲ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯಕ್ಕೆ ಮೊದಲು ಸೌದೆಯನ್ನು ರಥದ ಆಕಾರಕ್ಕೆ ಒಟ್ಟಿ ಕಟ್ಟಿಗೆ ರಥವನ್ನು ನಿಲ್ಲಿಸುತ್ತಾರೆ. ಅಲ್ಲಿ ಒಂದು ಕೊರಡಿನ ಜಾಗದಲ್ಲಿ ಇನ್ನೊಂದು ಕೊರಡನ್ನು ಇಟ್ಟರೂ ರಥ ರಥವೇ. ಯಂತ್ರದ ಇಡಿತನ ಇವೆರಡಕ್ಕಿಂತ ಭಿನ್ನ. ಅದರಲ್ಲಿ ಪ್ರತಿಯೊಂದು ಬಿಡಿಗೂ ಒಂದೇ ಸ್ಥಾನ, ಒಂದೇ ಮುಖ, ಒಂದೇ ಸರದಿ. ಕೊನೆಗೆ ಕಳಚಿದ್ದು ಮೊದಲು ಸೇರಬೇಕು. ಕೂರದೆ ನಿಂತ ಭಾಗವು ಹಠ ಮಾಡುತ್ತಿಲ್ಲ. ನೀನು ಎಲ್ಲಿಯೋ ಕ್ರಮ ತಪ್ಪಿದ್ದೀಯೆ ಎಂದು ತಿಳಿಸುತ್ತಿದೆ. ಆ ಮಾತನ್ನು ಕೇಳಿಸಿಕೊಳ್ಳದವನು ಅರವನ್ನೋ ಕೊಡತಿಯನ್ನೋ ಕೈಗೆತ್ತಿಕೊಳ್ಳುತ್ತಾನೆ. ಕೇಳಿಸಿಕೊಳ್ಳುವವನು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಎಣಿಸುತ್ತಾನೆ.

ಅಧ್ಯಾಪಕರಾದ ನಮಗೂ ಇದು ಅನ್ವಯಿಸದಿರುವುದಿಲ್ಲ. ತರಗತಿಯಲ್ಲಿ ಕೂರದೆ ನಿಲ್ಲುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ಕಾವ್ಯಪಾಠಕ್ಕೆ ತೆರೆಯದ ಮನಸ್ಸು ಚಕ್ರದ ಗುಂಡುಗಳನ್ನು ಎಣಿಸುವಾಗ ತೆರೆದೀತು. ಶರಣರು ಕಾಯಕಕ್ಕೆ ಮೇಲು ಕೀಳೆಣಿಸದೆ, ಹಗ್ಗ ಹೊಸೆಯುವ ನುಲಿಯ ಚಂದಯ್ಯನನ್ನೂ ಬಿದಿರು ಹೆಣೆಯುವ ಮೇದಾರ ಕೇತಯ್ಯನನ್ನೂ ಅನುಭಾವಿಗಳ ಸಾಲಿನಲ್ಲಿ ಕೂರಿಸಿದರು. ಹೊಸೆಯುವುದೂ ಹೆಣೆಯುವುದೂ ಕೂಡಿಸುವ ವಿದ್ಯೆಗಳೇ ಎಂಬುದನ್ನು ನೆನೆದರೆ ನಮ್ಮ ಪರಂಪರೆಯ ಮರ್ಮ ಅರ್ಥವಾಗುತ್ತದೆ.

ಆದುದರಿಂದ ಈ ಸಂಚಿಕೆಯ ಮೂಲಕ ಒಂದು ವಿಜ್ಞಾಪನೆ. ನಮ್ಮ ಶಾಲೆಯಲ್ಲಿ ಪ್ರಯೋಗಾಲಯವಿದೆ, ಗ್ರಂಥಾಲಯವಿದೆ. ಕೈಕೆಲಸದ ಕೊಠಡಿಯೊಂದು ಇಲ್ಲ. ಆಯುಧದ ಗೊಡವೆ ಮಕ್ಕಳಿಗೆ ಬೇಡ. ಹಳೆಯ ಗೋಡೆಗಡಿಯಾರ, ಹೊಲಿಗೆಯಂತ್ರ, ಸೈಕಲ್ಲಿನ ಚಕ್ರ, ನೀರಿನ ಪಂಪು ಇವು ಸಾಕು. ಉದ್ದನೆಯ ಒಂದು ಬೆಂಚು, ಬಿಳಿಯ ಬಟ್ಟೆ, ನಾಲ್ಕು ಜೊತೆ ಸ್ಕ್ರೂಡ್ರೈವರು ಸ್ಪ್ಯಾನರುಗಳು. ಬಿಚ್ಚಿದ್ದನ್ನು ಕೂಡಿಸಿ ನಡೆಸಿ ತೋರಿಸಿದ ಮೇಲೆಯೇ ಕೊಠಡಿಯಿಂದ ಹೊರಗೆ ಬರಬೇಕೆಂಬ ಒಂದು ನಿಯಮ. ದಾನಿಗಳಿಗೆ ಇದು ದೊಡ್ಡ ಭಾರವಲ್ಲ. ಮಣಿಪಾಲದ ಆ ಕಾವಲುಗಾರನಿಗೆ ಈ ಆಲೋಚನೆಯನ್ನು ತಿಳಿಸಿದಾಗ, ತನ್ನ ಒಂದು ತಿಂಗಳ ಪಿಂಚಣಿಯನ್ನು ಮೊದಲ ಕಾಣಿಕೆಯಾಗಿ ಕೊಡುವೆನೆಂದೂ ರಜೆಯಲ್ಲಿ ಬಂದು ಕಲಿಸುವೆನೆಂದೂ ಮಾತು ಕೊಟ್ಟಿದ್ದಾನೆ. ಪ್ರಸಾದನಿಲಯದ ಒಂದು ತುತ್ತು ಎಲ್ಲಿಗೆ ಹೋಗಿ ಏನಾಗಿ ಮರಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪೂಜ್ಯ ಶ್ರೀಗಳವರ ಕೃಪಾಶೀರ್ವಾದದಿಂದ ಈ ಕೊಠಡಿ ಮುಂದಿನ ವರ್ಷದೊಳಗೆ ಬಾಗಿಲು ತೆರೆಯಲೆಂದು ಹಾರೈಸುತ್ತೇನೆ.